ಓದುಗರ ಪ್ರಶ್ನೆ: ಒಳ್ಳೆಯವರಿಗೂ ಸರ್ಕಾರ ಬೇಕೇ?

ಪ್ರಶ್ನೆ: ಮನುಷ್ಯ ಸ್ವಭಾವತಃ ಒಳ್ಳೆಯವನೇ ಆಗಿದ್ದರೆ ಅವನ ಮೇಲೆ ಸರ್ಕಾರವೆಂಬ ಅಧಿಕಾರ ಏಕೆ? ಕಾನೂನು ಎಲ್ಲರಿಗೂ ತಿಳಿದಿದ್ದರೆ ಸಾಲದೇ?

ಉತ್ತರ: ಸರ್ಕಾರ ಏಕೆ ಬೇಕೆಂದು ಕೇಳಿದಾಗ ಹಿಂದಿನವರು ‘ಮತ್ಸ್ಯನ್ಯಾಯ’ದ ಮಾತೆತ್ತುತ್ತಿದ್ದರು. ದಂಡಿಸುವವರಿಲ್ಲದ ಕಡೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂಬುದು ಅದರ ಅರ್ಥ. ಈ ಮಾತು ಸುಳ್ಳಲ್ಲ; ಆದರೆ ಅದು ನುಂಗುವವರನ್ನು ಕುರಿತ ಮಾತು. ನೀವು ಕೇಳಿರುವುದು ಒಳ್ಳೆಯವರ ವಿಷಯವಾದ್ದರಿಂದ ಅವರಿಂದಲೇ ಆರಂಭಿಸುತ್ತೇನೆ.

ಅಕ್ಕಪಕ್ಕದ ಜಮೀನಿನ ಇಬ್ಬರು ರೈತರಿದ್ದಾರೆ ಎಂದುಕೊಳ್ಳಿ. ಒಂದು ರಾತ್ರಿಯ ಜೋರು ಮಳೆಗೆ ನಡುವಿನ ಬದು ಕೊಚ್ಚಿಹೋಗಿ ಗಡಿಕಲ್ಲು ಉರುಳಿದೆ. ಕಲ್ಲು ಮರದ ಬುಡದಿಂದ ಎರಡು ಮಾರು ದೂರದಲ್ಲಿತ್ತೆಂದು ಒಬ್ಬರ ನೆನಪು, ಮೂರು ಮಾರೆಂದು ಇನ್ನೊಬ್ಬರ ನೆನಪು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತನ್ನದೇ ಸರಿ ಎಂದು ಇಬ್ಬರೂ ಮನಸಾರೆ ನಂಬಿರುವುದರಿಂದಲೇ ಜಗಳ ಬಿಗಿಯಾಗುತ್ತದೆ, ಬಿಟ್ಟುಕೊಡುವುದು ಅನ್ಯಾಯಕ್ಕೆ ತಲೆಬಾಗಿದಂತೆ ಕಾಣುತ್ತದೆ. ಇಲ್ಲಿ ಒಳ್ಳೆಯತನ ಕಡಿಮೆಯಾಗಿಲ್ಲ. ಕಡಿಮೆಯಾಗಿರುವುದು ಇಬ್ಬರ ಪಕ್ಷಕ್ಕೂ ಸೇರದ ಮೂರನೆಯವರು, ಹಳೆಯ ಅಳತೆಯ ದಾಖಲೆ, ಮತ್ತು ಕೊಟ್ಟ ತೀರ್ಪನ್ನು ಸೋತವರೂ ಪಾಲಿಸುವಂತೆ ಮಾಡುವ ಬಲ. ಈ ಮೂರರಲ್ಲಿ ಕೊನೆಯದೇ ಅತ್ಯಂತ ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ.

ಕಾನೂನು ಗೊತ್ತಿದ್ದರೆ ಸಾಲದೇ ಎಂಬ ನಿಮ್ಮ ಎರಡನೆಯ ಮಾತಿಗೆ ಐಸ್‌ಲ್ಯಾಂಡಿನ ಇತಿಹಾಸದಲ್ಲಿ ಉತ್ತರವಿದೆ. ಅಲ್ಲಿ ಸುಮಾರು ಕ್ರಿ.ಶ. 930ರಲ್ಲಿ ಆಲ್ತಿಂಗ್ ಎಂಬ ಮಹಾಸಭೆ ಸ್ಥಾಪನೆಯಾಯಿತು. ಬೇಸಿಗೆಯಲ್ಲಿ ಬಯಲಿನಲ್ಲಿ ಸೇರುತ್ತಿದ್ದ ಈ ಸಭೆಯಲ್ಲಿ ‘ಕಾನೂನು ಹೇಳುವವನು’ ಎಂಬ ಅಧಿಕಾರಿ, ವರ್ಷಕ್ಕೆ ಮೂರರಲ್ಲೊಂದು ಭಾಗದಂತೆ, ಮೂರು ವರ್ಷಗಳಲ್ಲಿ ಇಡೀ ಕಾನೂನನ್ನು ಎಲ್ಲರಿಗೂ ಕೇಳುವಂತೆ ಹೇಳಿ ಮುಗಿಸುತ್ತಿದ್ದ. ನ್ಯಾಯಾಲಯಗಳೂ ಇದ್ದವು. ಇಲ್ಲದಿದ್ದುದು ತೀರ್ಪನ್ನು ಜಾರಿಗೆ ತರುವ ಕೈ: ರಾಜನಿಲ್ಲ, ಪೊಲೀಸರಿಲ್ಲ. ಮೊಕದ್ದಮೆ ಗೆದ್ದವನೇ ತನ್ನ ಕಡೆಯವರನ್ನು ಕಟ್ಟಿಕೊಂಡು ಹೋಗಿ ತೀರ್ಪಿನಂತೆ ವಸೂಲು ಮಾಡಿಕೊಳ್ಳಬೇಕಿತ್ತು. ಅಷ್ಟು ಬಲವಿಲ್ಲದವನು ತನ್ನ ಹಕ್ಕನ್ನು ಬಲಶಾಲಿಯಾದ ಮುಖಂಡನಿಗೆ ವಹಿಸಿಕೊಡಬಹುದಿತ್ತು. ಈ ಏರ್ಪಾಡು ಮುನ್ನೂರಕ್ಕೂ ಹೆಚ್ಚು ವರ್ಷ ನಡೆಯಿತೆಂಬುದನ್ನು ಗೌರವದಿಂದಲೇ ಹೇಳಬೇಕು. ಆದರೆ 13ನೆಯ ಶತಮಾನದ ಹೊತ್ತಿಗೆ ಅಧಿಕಾರವೆಲ್ಲ ಕೆಲವೇ ಮನೆತನಗಳ ಕೈಸೇರಿ, ಅವುಗಳ ನಡುವಿನ ಕಾದಾಟದಿಂದ ನಾಡು ಬಳಲಿತು. ಕೊನೆಗೆ 1262ರಿಂದ ಅಲ್ಲಿನವರು ನಾರ್ವೆಯ ರಾಜನ ಆಳ್ವಿಕೆಯನ್ನು ಒಪ್ಪಿಕೊಳ್ಳತೊಡಗಿದರು.

ಪ್ರಶ್ನೆ: ನೀರು, ಹುಲ್ಲುಗಾವಲುಗಳನ್ನು ಜನರೇ ಸೇರಿ ಚೆನ್ನಾಗಿ ನೋಡಿಕೊಂಡ ಉದಾಹರಣೆಗಳಿವೆಯಲ್ಲ?

ಉತ್ತರ: ಇವೆ, ಮತ್ತು ಅವು ಅಲ್ಲಗಳೆಯುವಂಥವಲ್ಲ. ಸ್ಪೇನಿನ ವೆಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ, ಚರ್ಚಿನ ಬಾಗಿಲ ಎದುರಿಗೆ, ಎಂಟು ಕಾಲುವೆಗಳ ರೈತರು ತಾವೇ ಚುನಾಯಿಸಿದ ಪ್ರತಿನಿಧಿಗಳು ಕುಳಿತು ನೀರಿನ ತಕರಾರುಗಳನ್ನು ವಿಚಾರಿಸುತ್ತಾರೆ. ವಾದವೆಲ್ಲ ಬಾಯಿಮಾತಿನಲ್ಲೇ; ತೀರ್ಪು ಅಲ್ಲಿಯೇ. ಜನರು ಕೂಡಿ ಇಂಥ ಸಂಪತ್ತನ್ನು ಹೇಗೆ ಕಾಪಾಡಿಕೊಳ್ಳುತ್ತಾರೆಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಆದರೆ ಇಂಥ ಕಡೆಗಳಲ್ಲಿಯೂ ನಿಯಮ, ನಿಗಾ ಇಡುವವರು, ದಂಡ, ತೀರ್ಪು ಎಲ್ಲವೂ ಇದ್ದವು ಎಂಬುದನ್ನು ಗಮನಿಸಬೇಕು. ಆಳ್ವಿಕೆ ಅಲ್ಲಿಯೂ ಇದೆ; ಅದು ಚಿಕ್ಕದು, ಪರಸ್ಪರ ಮುಖ ಪರಿಚಯವಿರುವವರದು.

ಪರಿಚಯದ ಎಲ್ಲೆ ದಾಟಿದಾಗ ಆ ಚಿಕ್ಕ ಏರ್ಪಾಡು ಸಾಲದು. ಸಿಡುಬಿನ ಮೇಲೆ ನಡೆದ ಹೋರಾಟವನ್ನೇ ನೋಡಿ. ಒಂದು ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡರೂ ದೂರದಲ್ಲೆಲ್ಲೋ ರೋಗ ಉಳಿದಿದ್ದರೆ, ಮುಂದೆ ಹುಟ್ಟುವ ಮಗುವಿಗೆ ಅದು ಮತ್ತೆ ತಗಲಬಹುದಾಗಿತ್ತು. ರೋಗಿ ಎಲ್ಲಿದ್ದಾನೆಂದು ಹುಡುಕಿ, ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವ ಕೆಲಸವನ್ನು ಸರ್ಕಾರಗಳು ಗಡಿಗಳಾಚೆಗೂ ಕೈಜೋಡಿಸಿ ಮಾಡಿದ್ದರಿಂದಲೇ, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಭೂಮಿಯಿಂದ ತೊಲಗಿತೆಂದು ಘೋಷಿಸಲು ಸಾಧ್ಯವಾಯಿತು. ಯಾರ ಹೆಸರನ್ನೂ ತಿಳಿಯದೆ ಅವರ ಮಗುವನ್ನು ಕಾಪಾಡುವ ಈ ಕೆಲಸ ನನಗೆ ಸರ್ಕಾರದ ಅತ್ಯಂತ ದೊಡ್ಡ ಕೆಲಸವಾಗಿ ಕಾಣುತ್ತದೆ.

ಇಷ್ಟು ಬಲವನ್ನು ಒಂದೇ ಕಡೆ ಕೂಡಿಹಾಕಿದರೆ ಅದೇ ದೊಡ್ಡ ಮೀನಾಗದೇ ಎಂಬ ಭಯ ನ್ಯಾಯವಾದದ್ದು, ಅದನ್ನು ಬದಿಗೆ ಸರಿಸುವಂತಿಲ್ಲ. ಮೇಲೆ ಹೇಳಿದ ರೈತರ ಜಮೀನಿನಲ್ಲಿ ನಾಳೆ ಸರ್ಕಾರವೇ ರಸ್ತೆಗೆಂದು ತನ್ನ ಕಲ್ಲು ನೆಟ್ಟರೆ, ಆಗಲೂ ಅವರು ದಾಖಲೆ ಹಿಡಿದು ಮೂರನೆಯವರ ಬಳಿ ಹೋಗುವಂತಿರಬೇಕು. ಆ ಮೂರನೆಯವರು ಸರ್ಕಾರದ ಅಂಕೆಯಲ್ಲಿರಬಾರದು, ಅವರು ಕಿತ್ತುಹಾಕಿ ಎಂದರೆ ಸರ್ಕಾರ ಆ ಕಲ್ಲನ್ನು ಕಿತ್ತುಹಾಕಬೇಕು.