ಗಂಡನಿಗೆ ಕಿಮೋ ಶುರುವಾಗುತ್ತಿದೆ, ಒಬ್ಬಳೇ ನಿಭಾಯಿಸಬಹುದಾ?

ನಿಮ್ಮ ಯಜಮಾನರಿಗೆ ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದಿದೆ, ಮುಂದಿನ ವಾರ ಬೆಂಗಳೂರಲ್ಲೇ ಮೊದಲ ಕಿಮೋ, ಇನ್ನೂ ಯಾರಿಗೂ ಹೇಳಿಲ್ಲ, ದೇವರ ಮೇಲೆ ಭಾರ ಹಾಕಿ ಒಬ್ಬಳೇ ನೋಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ದೇವರ ಮೇಲೆ ಭಾರ ಹಾಕಿ, ಖಂಡಿತ ಹಾಕಿ. ಆದರೆ ಒಬ್ಬರೇ ಬೇಡ. ಇವತ್ತೇ ನಿಮಗೆ ಹತ್ತಿರದವರು ಯಾರಿಗಾದರೂ ಫೋನ್ ಮಾಡಿ ಹೇಳಿ.

ನಮ್ಮ ಮನೆ ಹನುಮಂತನಗರದಲ್ಲಿ. ನನ್ನ ಗಂಡನಿಗೂ ಬಿ-ಸೆಲ್ ಅನ್ನುವ ಬಗೆಯ ಲಿಂಫೋಮಾ ಆಗಿತ್ತು. ಐದು ಔಷಧಿ ಸೇರಿದ ಆರ್-ಚಾಪ್ ಅನ್ನುವ ಕಿಮೋ ಕೊಟ್ಟರು, 21 ದಿನಕ್ಕೊಂದು ಸುತ್ತು. ಈಗ ಚಿಕಿತ್ಸೆ ಮುಗಿದಿದೆ, ಚೆಕಪ್‌ಗೆ ಹೋಗಿ ಬರುತ್ತಿರುತ್ತೇವೆ. ನಿಮ್ಮವರಿಗೆ ಯಾವ ಔಷಧಿ ಅಂತ ನಿಮ್ಮ ಡಾಕ್ಟರೇ ಹೇಳಬೇಕು. ನಾನು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಎಲ್ಲರೂ ಆಸ್ಪತ್ರೆಗೆ ಹೋಗುವ ದಿನಕ್ಕೆ ಹೆದರುತ್ತಾರೆ. ಆ ದಿನ ಸುತ್ತಮುತ್ತ ನರ್ಸ್‌ಗಳು, ಡಾಕ್ಟರು ಇರುತ್ತಾರೆ. ಕಷ್ಟ ಇರುವುದು ಮನೆಗೆ ಬಂದ ಮೇಲೆ. ಮೊದಲ ಐದು ದಿನ ಪ್ರೆಡ್ನಿಸೊಲೋನ್ ಮಾತ್ರೆ ಇರುತ್ತದೆ. ಅದು ಸ್ಟೆರಾಯ್ಡ್. ರಾತ್ರಿ ನಿದ್ದೆ ಬರುವುದಿಲ್ಲ, ಹಸಿವು ಜಾಸ್ತಿ, ಶುಗರ್ ಏರುತ್ತದೆ. ಮಾತ್ರೆ ನಿಂತ ಕೂಡಲೇ ಮನುಷ್ಯ ಒಮ್ಮೆಲೇ ಕುಸಿದು ಹೋಗುತ್ತಾನೆ. ಆಮೇಲೆ ಏಳರಿಂದ ಹದಿನಾಲ್ಕನೇ ದಿನದ ತನಕ ಬಿಳಿ ರಕ್ತಕಣ ತೀರಾ ಕಡಿಮೆ ಇರುವ ಹೊತ್ತು. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು, ಅದು ಮಧ್ಯರಾತ್ರಿಯಾದರೂ ಸರಿ. ಡೋಲೋ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ. ಈ ಉತ್ತರದಲ್ಲಿ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ಯಾರಿಗಾದರೂ ಹೇಳಿ ಅಂದದ್ದು ಇದಕ್ಕೇ. ನಮಗೆ ಒಂದು ರಾತ್ರಿ ಹಾಗೇ ಆಯಿತು. ಇವರು ಹೊದ್ದುಕೊಂಡೇ ನಡುಗುತ್ತಿದ್ದರು, ಥರ್ಮಾಮೀಟರ್ 101 ತೋರಿಸುತ್ತಿತ್ತು. ಶ್ರೀನಗರದಲ್ಲಿರುವ ಇವರ ಗೆಳೆಯರಿಗೆ ಫೋನ್ ಮಾಡಿದೆ. ಉಟ್ಟ ಪಂಚೆಯಲ್ಲೇ ಕಾರು ತಂದರು. ಏನಾಯಿತು, ಎತ್ತ ಅಂತ ಒಂದು ಮಾತೂ ಕೇಳಲಿಲ್ಲ. ಮಹಡಿ ಮೇಲಿನ ಆಂಟಿ ಚಾಪೆ ತಂದು ನಮ್ಮ ಹಾಲ್‌ನಲ್ಲಿ ಮಲಗಿದರು, ಮಕ್ಕಳು ಎದ್ದರೆ ಯಾರಾದರೂ ಇರಲಿ ಅಂತ. ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡವರೇ ಆ್ಯಂಟಿಬಯಾಟಿಕ್ ಡ್ರಿಪ್ ಹಾಕಿದರು. ಇವರಿಬ್ಬರಿಗೂ ವಿಷಯ ಮೊದಲೇ ಗೊತ್ತಿತ್ತು. ಹಾಗಾಗಿ ಆ ಹೊತ್ತಲ್ಲಿ ಕತೆ ಹೇಳುತ್ತಾ ಕೂರುವ ಪರಿಸ್ಥಿತಿ ಬರಲಿಲ್ಲ.

ಅಡುಗೆಯ ವಿಷಯವೂ ಹೀಗೇ. ಊಟ ಸೇರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮನೆಯಲ್ಲಿ ಊಟಕ್ಕಿಂತ ಅಡುಗೆಯ ವಾಸನೆಯೇ ದೊಡ್ಡ ತೊಂದರೆಯಾಗಿತ್ತು. ಒಗ್ಗರಣೆ ಚಟಪಟ ಅಂದರೆ ಸಾಕು, ಇವರಿಗೆ ಹೊಟ್ಟೆ ತೊಳೆಸುತ್ತಿತ್ತು. ಎದುರು ಮನೆಯ ಗೆಳತಿ ತನ್ನ ಮನೆಯಲ್ಲೇ ಬೇಳೆ ಕಟ್ಟಿನ ಸಾರು, ಮೆತ್ತಗಿನ ಅನ್ನ ಮಾಡಿ ತಂದುಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಬರೀ ಬಿಸಿ ಮಾಡುವುದಷ್ಟೇ. ಬಾಯಿ ಹುಣ್ಣಾದಾಗ ಅದೊಂದೇ ಒಳಗೆ ಹೋಗುತ್ತಿದ್ದದ್ದು. ಏನಾದ್ರೂ ಬೇಕಿದ್ರೆ ಹೇಳಿ ಅಂತ ಫೋನ್ ಮಾಡುವವರು ಮನಸಾರೆ ಹೇಳಿರುತ್ತಾರೆ, ಏನು ಮಾಡಬೇಕು ಅಂತ ಅವರಿಗೆ ತೋಚಿರುವುದಿಲ್ಲ ಅಷ್ಟೆ. ಒಂದು ಕೆಲಸ ಹೇಳಿ. ಮಂಗಳವಾರದ ಸಾರು ನಿಮ್ಮದು ಅನ್ನಿ. ಸಂಕೋಚ ಬೇಡ.

ಕಿಮೋ ಆದ ಮಾರನೇ ದಿನ ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಹಿಂದಿನ ಬೀದಿಯಲ್ಲಿ ಒಬ್ಬರು ನರ್ಸ್ ಇದ್ದಾರೆ. ಅವರು ಮೊದಲು ಫೋನ್ ಮಾಡಿ ಇಂಜೆಕ್ಷನ್ ಫ್ರಿಜ್‌ನಿಂದ ಆಚೆ ಇಡೋಕೆ ಹೇಳುತ್ತಿದ್ದರು, ತಣ್ಣಗಿದ್ದರೆ ಉರಿಯುತ್ತದೆ ಅಂತ. ಬಂದು ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದು, ಮಗನ ಸ್ಕೂಲ್ ಪುರಾಣ ಹೇಳುತ್ತಾ ಹೇಳುತ್ತಾ ಚುಚ್ಚಿ ಮುಗಿಸಿಬಿಡುತ್ತಿದ್ದರು. ಆಮೇಲೆ ಎರಡು ದಿನ ಸೊಂಟ, ಮೂಳೆ ನೋವು ಇದ್ದೇ ಇರುತ್ತಿತ್ತು. ಅದಕ್ಕೆ ಯಾವ ಮಾತ್ರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇವರ ವಾಕಿಂಗ್ ಗೆಳೆಯರ ಬಗ್ಗೆ ಹೇಳಲೇಬೇಕು. ಬ್ಯೂಗಲ್ ರಾಕ್ ಹತ್ತಿರ ದಿನಾ ಸೇರುವ ಗುಂಪು. ರಕ್ತಕಣ ಕಡಿಮೆ ಇದ್ದ ದಿನ ಗೇಟಿನ ಆಚೆ ನಿಂತು, ಮಾಸ್ಕ್ ಹಾಕಿಕೊಂಡು ಮಾತಾಡಿಸುತ್ತಿದ್ದರು. ಕಾಯಿಲೆ ವಿಷಯ ಎತ್ತುತ್ತಲೇ ಇರಲಿಲ್ಲ. ಕ್ರಿಕೆಟ್ಟು, ಮೆಟ್ರೋ, ಯಾರ ಮಗಳ ಮದುವೆ, ಇಷ್ಟೇ. ಇವರು ನಗುವುದು ನನಗೆ ಒಳಗಿನಿಂದ ಕೇಳಿಸುತ್ತಿತ್ತು. ನನ್ನ ಎದುರು ಅಷ್ಟು ನಗುತ್ತಿರಲಿಲ್ಲ, ನನ್ನ ಮುಖ ನೋಡಿದರೆ ಅವರಿಗೆ ಕಾಯಿಲೆಯೇ ನೆನಪಾಗುತ್ತಿತ್ತೇನೋ. ಅದಕ್ಕೇ ಹೇಳುತ್ತೇನೆ, ಗೆಳೆಯರು ಬರುವುದು ಅವರಿಗೂ ಬೇಕು. ಆ ಗುಂಪಿನ ಒಬ್ಬರಿಗೆ ಎಲ್ಲರಿಗೂ ಸುದ್ದಿ ಮುಟ್ಟಿಸುವ ಕೆಲಸ ಕೊಟ್ಟಿದ್ದೆ. ಇಲ್ಲದಿದ್ದರೆ ಸಂಜೆಯೆಲ್ಲ ಅದೇ ಮಾತನ್ನು ಹತ್ತು ಜನಕ್ಕೆ ಹೇಳಿ ಸುಸ್ತಾಗಿಬಿಡುತ್ತೀರಿ.

ಇನ್ನು ದೇವರು. ನಾನು ನಂಬುವವಳು. ಬೆಳಗ್ಗೆ ರಾಮಾಂಜನೇಯ ಗುಡ್ಡ ಹತ್ತಿ ಅರ್ಧ ಗಂಟೆ ಕೂತು ಬರುತ್ತಿದ್ದೆ. ಶುಕ್ರವಾರ ಆದರೆ ರಾಹುಕಾಲಕ್ಕೆ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದೆ. ಹೋಳು ಮಾಡಿದ ನಿಂಬೆಯ ರಸ ಹಿಂಡಿ, ಸಿಪ್ಪೆ ತಿರುವಿ, ತುಪ್ಪ ಹಾಕಿ ಬತ್ತಿ ಇಡುವಾಗ ಕೈ ನಡುಗುವುದು ನಿಲ್ಲುತ್ತಿತ್ತು. ವಾಸಿ ಮಾಡು ಅಂತ ಕೇಳಿದ್ದೂ ಉಂಟು. ಜಾಸ್ತಿ ಕೇಳಿದ್ದು ಇವತ್ತಿನ ದಿನ ತಡೆದುಕೊಳ್ಳುವ ಶಕ್ತಿ ಕೊಡು ಅಂತ. ಅದು ಸಿಕ್ಕಿತು. ಇವರಿಗೆ ಅಷ್ಟೆಲ್ಲ ಭಕ್ತಿ ಇಲ್ಲ, ನಾನು ಹೊರಟಾಗ "ನನ್ನ ಪಾಲಿಂದೂ ಬೇಡ್ಕೊಂಡು ಬಾ" ಅನ್ನುತ್ತಿದ್ದರು. ನನ್ನ ಆಫೀಸಿನ ಗೆಳತಿ ಪ್ರತಿ ಗುರುವಾರ ವಿವೇಕನಗರದ ಬಾಲಯೇಸು ಚರ್ಚಿನಲ್ಲಿ ಇವರ ಹೆಸರಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದಳು. ಗೊತ್ತಾದ ದಿನ ಅಳು ತಡೆಯಲಾಗಲಿಲ್ಲ.

ಪ್ರಸಾದದ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ರಕ್ತಕಣ ಕಡಿಮೆ ಇದ್ದಾಗ ಕಾಯಿಸದ ಹಾಲಿನ ಪಂಚಾಮೃತ, ಹೆಚ್ಚಿಟ್ಟ ಹಣ್ಣು, ತೀರ್ಥ ಕೊಡಬೇಡಿ, ಸೋಂಕು ತಗುಲಬಹುದು. ನಾನು ಕುಂಕುಮ ಮಾತ್ರ ತಂದು ಹಣೆಗಿಡುತ್ತಿದ್ದೆ. ಅವರಿಂದ ಉಪವಾಸವನ್ನೂ ಮಾಡಿಸಬೇಡಿ. ಕಷಾಯ, ಎಲೆ ರಸ, ನಾಟಿ ಔಷಧಿ ತಂದುಕೊಡುವವರು ಬಂದೇ ಬರುತ್ತಾರೆ. ಡಾಕ್ಟರಿಗೆ ತೋರಿಸದೆ ಒಂದು ಚಮಚವೂ ಬೇಡ, ಕಿಮೋ ನಡೆಯುವಾಗ ಲಿವರ್ ಮೇಲೆ ಮೊದಲೇ ಹೊರೆ ಇರುತ್ತದೆ. ಯಾವ ಜನ್ಮದ ಪಾಪವೋ ಅನ್ನುವವರು ಬಂದರೆ ರೋಗಿ ಇರುವ ರೂಮಿಗೆ ಬಿಡಬೇಡಿ. ಅಂಥವರಿಗೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿದ್ದೇನೆ. ನನಗೆ ಅದರ ಬಗ್ಗೆ ಬೇಜಾರಿಲ್ಲ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ಗೊತ್ತು ಮಾಡಿದ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ ನೆರವಿದೆ. ಚಿಕಿತ್ಸೆ ಶುರುವಾಗುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ. ಖರ್ಚು ಕೈ ಮೀರುವುದಾದರೆ ಸರ್ಕಾರಿ ಕಿದ್ವಾಯಿ ಆಸ್ಪತ್ರೆ ಇದೆ. 1973ರಿಂದ ಕ್ಯಾನ್ಸರ್ ನೋಡುತ್ತಿರುವ ಜಾಗ ಅದು.

ಮೊದಲ ದಿನಕ್ಕೆ ಸ್ವೆಟರ್, ಹೊದಿಕೆ ಇಟ್ಟುಕೊಳ್ಳಿ, ಡೇ ಕೇರ್‌ನಲ್ಲಿ ಎಸಿ ಚಳಿ ಇರುತ್ತದೆ. ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿಡಿ. ಇದೇ ಆರ್-ಚಾಪ್ ಆದರೆ ಅದರಲ್ಲಿರುವ ರಿಟುಕ್ಸಿಮ್ಯಾಬ್ ಅನ್ನುವ ಔಷಧಿಯನ್ನು ಮೊದಲ ಸಲ ತುಂಬಾ ನಿಧಾನ ಬಿಡುತ್ತಾರೆ, ಗಂಟೆಗಟ್ಟಲೆ ಆಗುತ್ತದೆ. ಚಳಿ, ನಡುಕ, ತುರಿಕೆ, ಉಸಿರಾಟಕ್ಕೆ ತೊಂದರೆ ಅನ್ನಿಸಿದ ಕೂಡಲೇ ನರ್ಸ್‌ನ ಕರೆಯಿರಿ. ಕೆಂಪು ಬಣ್ಣದ ಔಷಧಿ ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಗಾಬರಿ ಬೇಡ. ಬೆರಳು ಜೋಮು ಹಿಡಿದು ಅಂಗಿ ಗುಂಡಿ ಹಾಕಿಕೊಳ್ಳಲು ಕಷ್ಟವಾದರೆ ಮುಂದಿನ ಸುತ್ತಿಗೆ ಮೊದಲೇ ಡಾಕ್ಟರಿಗೆ ಹೇಳಿ. ಅಲರ್ಜಿ ಆಗದಿರಲೆಂದು ಮೊದಲು ಕೊಡುವ ಇಂಜೆಕ್ಷನ್‌ಗೆ ಅವರಿಗೆ ನಿದ್ದೆ ಬರಬಹುದು. ಪಕ್ಕದಲ್ಲಿ ಕೂರಲು ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿರಿ, ಆ ಹೊತ್ತಿಗೆ ನೀವು ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬಾ ಊಟ ಮಾಡಿ ಬನ್ನಿ.