‘ದ ಸೊಪ್ರಾನೋಸ್’, ‘ದ ವೈರ್’: ಎರಡರಲ್ಲಿ ಯಾವುದು ಹೆಚ್ಚು ಚೆನ್ನಾಗಿದೆ?

ನನ್ನ ಓಟು ‘ದ ವೈರ್’ಗೆ. ಎರಡೂ ಅಮೆರಿಕದ ಎಚ್‌ಬಿಒ ಚಾನೆಲ್‌ನ ಟಿವಿ ಸರಣಿಗಳೇ. ‘ದ ಸೊಪ್ರಾನೋಸ್’ 1999ರಿಂದ 2007ರವರೆಗೆ 86 ಕಂತು ಬಂತು. ‘ದ ವೈರ್’ 2002ರಿಂದ 2008ರವರೆಗೆ 60 ಕಂತು.

‘ಸೊಪ್ರಾನೋಸ್’ ಒಬ್ಬ ಮನುಷ್ಯನ ಕಥೆ. ನ್ಯೂಜೆರ್ಸಿಯ ಮಾಫಿಯಾ ಮುಖಂಡ ಟೋನಿ, ತನ್ನ ಈಜುಕೊಳಕ್ಕೆ ಬರುತ್ತಿದ್ದ ಬಾತುಕೋಳಿಗಳು ಹಾರಿಹೋದವು ಅಂತ ಕುಸಿದು ಬೀಳುತ್ತಾನೆ. ಮನೋವೈದ್ಯೆಯ ಹತ್ತಿರ ಹೋಗುತ್ತಾನೆ. ಟೋನಿಯಾಗಿ ಜೇಮ್ಸ್ ಗ್ಯಾಂಡೊಲ್ಫಿನಿ ಅವರ ನಟನೆಗೆ ಸಾಟಿಯೇ ಇಲ್ಲ. ನಟನೆಯೊಂದನ್ನೇ ಅಳೆದರೆ ಇದೇ ಮುಂದೆ, ಒಪ್ಪುತ್ತೇನೆ.

‘ದ ವೈರ್’ನಲ್ಲಿ ಮಾತ್ರ ಬಾಲ್ಟಿಮೋರ್ ಊರೇ ನಾಯಕ. ಮೊದಲ ಸೀಸನ್ ಪೊಲೀಸರು ಮತ್ತು ಡ್ರಗ್ಸ್ ಮಾರುವವರದ್ದು. ಆಮೇಲೆ ಬಂದರು, ನಗರದ ರಾಜಕೀಯ, ಶಾಲೆ, ಪತ್ರಿಕೆ ಒಂದೊಂದಾಗಿ ಸೇರಿಕೊಳ್ಳುತ್ತವೆ. ಇದನ್ನು ಕಟ್ಟಿದ ಡೇವಿಡ್ ಸೈಮನ್ ಅದೇ ಊರಿನಲ್ಲಿ ವರದಿಗಾರರಾಗಿದ್ದವರು. ಜೊತೆಗಾರ ಎಡ್ ಬರ್ನ್ಸ್ ಪೊಲೀಸ್ ಆಗಿದ್ದು ಆಮೇಲೆ ಮೇಷ್ಟ್ರಾದವರು. ಹಾಗಾಗಿ ಯಾವ ಮಾತೂ ಸುಮ್ನೆ ಬರೆದ ಹಾಗೆ ಕೇಳಿಸುವುದಿಲ್ಲ.

ನಾಲ್ಕನೇ ಸೀಸನ್ ನೋಡಿ. ಮೈಕಲ್, ನೇಮಂಡ್, ರ‍್ಯಾಂಡಿ, ಡ್ಯೂಕಿ ಎಂಬ ನಾಲ್ವರು ಶಾಲಾ ಹುಡುಗರು. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಒಳ್ಳೆಯ ದಾರಿ ಸಿಗುತ್ತದೆ. ಉಳಿದವರು ಜಾಣರಲ್ಲ ಅಂತಲ್ಲ, ಅವರನ್ನು ಹಿಡಿದುಕೊಳ್ಳುವ ಕೈ ಇರಲಿಲ್ಲ ಅಷ್ಟೇ. ಟಿವಿಯಲ್ಲಿ ಇದಕ್ಕಿಂತ ಜಾಸ್ತಿ ನನ್ನನ್ನು ಕಲಕಿದ್ದು ಇನ್ನೊಂದಿಲ್ಲ. ಇಷ್ಟಾದರೂ ಇದಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಒಂದೇ ಒಂದೂ ಬರಲಿಲ್ಲ, ಅನ್ಯಾಯ ಅಲ್ವಾ?

ಒಂದು ಮಾತು: ‘ದ ವೈರ್’ ನಿಧಾನವಾಗಿ ಶುರುವಾಗುತ್ತದೆ, ಹೆಸರುಗಳೂ ಬಹಳ. ನಾಲ್ಕೈದು ಕಂತು ತಾಳ್ಮೆಯಿಂದ, ಸಬ್‌ಟೈಟಲ್ ಹಾಕಿಕೊಂಡು ನೋಡಿ.