ಕೆಲಸಗಾರರಿಗೆ ಸೂಚನೆ ಮುಟ್ಟಿಸೋಕೆ ಯಾವ ಆ್ಯಪ್ ಒಳ್ಳೇದು?

ಬೆಳಗಾವಿ ಉದ್ಯಮಬಾಗದ 40 ಮಂದಿಯ ಎರಕದ ಕಾರ್ಖಾನೆ (ಫೌಂಡ್ರಿ) ನಿಮ್ಮದು, ಹೊಸದಾಗಿ ಸೂಪರ್‌ವೈಸರ್ ಆಗಿದ್ದೀರಿ. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ಸೂಚನೆಗೆ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ, ಕೆಲಸ ಮಾತ್ರ ಹಳೇ ರೀತಿಯೇ ನಡೆಯುತ್ತದೆ. ಅದಕ್ಕೆ ಬೇರೆ ಆ್ಯಪ್ ಬೇಕು ಅಂತೀರಿ. ಬೇಡ. ಆ ಹೆಬ್ಬೆಟ್ಟು ನಂಬಿ ನಾನು ಒಂದು ಇಡೀ ರಾತ್ರಿಯ ಎರಕ ಕಳೆದಿದ್ದೇನೆ.

ನಮ್ಮದು 500 ಕೆ.ಜಿ. ಇಂಡಕ್ಷನ್ ಭಟ್ಟಿ, ಕೈಯಿಂದ ಎರಕ ಹೊಯ್ಯುವ ಶಾಪ್. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೆಸ್ಕಾಂ ಕರೆಂಟಿಗೆ ರಿಯಾಯಿತಿ ಸಿಗುತ್ತದೆ ಅಂತ ಮಾಲಕರು ಮೆಲ್ಟಿಂಗನ್ನು ರಾತ್ರಿ ಪಾಳಿಗೆ ಹಾಕಿದರು. ಶನಿವಾರ ಸಂಜೆ ನಾನು ಗ್ರೂಪಿಗೆ ಒಂದು ಸಾಲು ಹಾಕಿದೆ: ‘ಸೋಮವಾರದಿಂದ ಮೆಲ್ಟಿಂಗ್ ರಾತ್ರಿ 10ಕ್ಕೆ.’ 26 ಜನರಲ್ಲಿ 22 ಹೆಬ್ಬೆಟ್ಟು ಬಂದವು. ಒಪ್ಪಿದರು ಅಂದುಕೊಂಡೆ.

ಸೋಮವಾರ ಹಗಲು ಪಾಳಿಯವರು ಬಾಕ್ಸಿನಲ್ಲಿ ಮರಳಿನ ಅಚ್ಚು ಕಟ್ಟಿ, ಒಳಗಿನ ಟೊಳ್ಳಿಗೆ ಬೇಕಾದ ಕೋರ್ ಇಟ್ಟು, ಮುಚ್ಚಿ ಹೋದರು. ರಾತ್ರಿ ಬಂದವರು 7 ಮಂದಿ. ಕರಗಿದ ಬೀಡು ಕಬ್ಬಿಣ ತುಂಬಿದ ಲ್ಯಾಡಲ್ ಎತ್ತೋಕೆ ಜೋಡಿ ಬೇಕು, ಜೋಡಿ ಎಲ್ಲಿಂದ ತರೋದು? ಕರಗಿದ ಬೀಡನ್ನು ಕಾಯಿಸುತ್ತ ಇಟ್ಟರೆ ಕರೆಂಟೂ ಹೋಗುತ್ತದೆ, ಕಾರ್ಬನ್ನೂ ಇಳಿಯುತ್ತದೆ. ಅದನ್ನು ಬರೀ ಗಟ್ಟಿಗಳಾಗಿ (ಪಿಗ್) ಹೊಯ್ದು ಭಟ್ಟಿ ಖಾಲಿ ಮಾಡಿದೆವು. ಮರುದಿನ ಅವೇ ಬಾಕ್ಸುಗಳಿಗೆ ಎರಕ ಹೊಯ್ಸಿದ್ದು ಇನ್ನೊಂದು ದಡ್ಡತನ. ಹಸಿ ಮರಳಿನ ಅಚ್ಚಿನಲ್ಲಿ ಸಿಒಟು ಕೋರ್ (ಕಾರ್ಬನ್ ಡೈಆಕ್ಸೈಡ್ ಅನಿಲ ಹಾಯಿಸಿ ಗಟ್ಟಿ ಮಾಡಿದ್ದು) ರಾತ್ರಿಯೆಲ್ಲ ಕೂತರೆ ಮರಳಿನ ತೇವ ಹೀರಿಕೊಳ್ಳುತ್ತದೆ. ಕಾದ ಬೀಡು ತಾಗಿದ ಕೂಡಲೇ ಅದು ಆವಿಯಾಗಿ ಒಳಗೇ ನುಗ್ಗುತ್ತದೆ. ಮಷಿನಿಂಗಿಗೆ ಹೋದಾಗ ಒಳಗಿನ ಗಾಳಿ ತೂತುಗಳು (ಬ್ಲೋ ಹೋಲ್) ತೆರೆದುಕೊಂಡವು, ಮಾಲು ವಾಪಸ್ ಬಂತು.

ಅಚ್ಚು ಕಟ್ಟುವ ಹಿರಿಯ ಮೋಲ್ಡರ್ ಒಬ್ಬರನ್ನು ಕೇಳಿದೆ: “ಯಾಕ ಬರಲಿಲ್ರಿ ಕಾಕಾ, ಹೆಬ್ಬೆಟ್ಟು ಒತ್ತಿದ್ರೆಲ್ಲಾ?”

“ಹೆಬ್ಬೆಟ್ಟು ಒತ್ತಿ ಒಪ್ಪಿಗಿ ಕೊಡೂದು ಸೊಸಾಯಿಟ್ಯಾಗ್ರಿ ಸಾಹೇಬ್ರ. ಮೊಬೈಲ್‌ನ್ಯಾಗ ಒತ್ತಿದ್ದು ‘ನೋಡೇನಿ’ ಅಂತ. ಆ ಹೊತ್ತಿನ್ಯಾಗ ನಮ್ಮೂರಿಂದ ಬಸ್ ಇಲ್ಲ. ನೀವೂ ಕೇಳಲಿಲ್ಲ.”

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನೀವೂ ಇದೇ ಗುಂಡಿಯ ದಂಡೆಯ ಮೇಲೆ ನಿಂತಿದ್ದೀರಿ. ಹೆಬ್ಬೆಟ್ಟು ಅಂದರೆ ಒಬ್ಬನಿಗೆ ‘ನೋಡಿದೆ’, ಇನ್ನೊಬ್ಬನಿಗೆ ‘ಎಲ್ಲರೂ ಒತ್ತಿದರು, ನಾನೂ ಒತ್ತಿದೆ’, ಮತ್ತೊಬ್ಬನಿಗೆ ‘ಸಾಹೇಬರ ಮಾತಿಗೆ ಸುಮ್ಮನಿದ್ದರೆ ಚಂದ ಕಾಣೋದಿಲ್ಲ’. ‘ಬರುತ್ತೇನೆ’ ಅನ್ನೋ ಅರ್ಥ ಒಂದರಲ್ಲೂ ಇಲ್ಲ. ಮಾಲಕರೂ ಇರುವ ಗ್ರೂಪಿನಲ್ಲಿ ‘ನನಗೆ ಆಗೋದಿಲ್ಲ’ ಅಂತ ಬರೆಯೋ ಧೈರ್ಯ ಯಾರಿಗಿದೆ? ಒತ್ತದೇ ಸುಮ್ಮನಿದ್ದ ನಾಲ್ವರೇ ನನಗೆ ನಿಜ ಹೇಳಿದ್ದು, ನಾನು ಅವರನ್ನು ಸೋಮಾರಿಗಳು ಅಂದುಕೊಂಡೆ. ಅರ್ಧ ಮಂದಿಗೆ ಓದೋಕೆ ಬರೋದು ಮರಾಠಿ, ನಾನು ಬರೆದದ್ದು ಕನ್ನಡ. ಇಬ್ಬರ ಮೊಬೈಲು ಮಗನ ಕೈಯಲ್ಲಿ. ಆ ಸಾಲಿನಲ್ಲಿ ಯಾಕೆ ಅಂತಿರಲಿಲ್ಲ, ಎಷ್ಟು ದಿನ ಅಂತಿರಲಿಲ್ಲ, ಹೇಗೆ ಬರಬೇಕು ಅಂತಿರಲಿಲ್ಲ.

ಕಾನೂನೂ ನನ್ನ ಕಡೆ ಇರಲಿಲ್ಲ. ಕೆಲಸದ ಅವಧಿ ಬದಲಿಸುವಾಗ 21 ದಿನ ಮೊದಲು ನೋಟಿಸ್ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲೂ ಅದೇ 21 ದಿನ. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಇನ್ನೂ ಚಂದ ಇತ್ತು: ಗೇಟಿನ ಹತ್ತಿರ ಹಚ್ಚುವ ನೋಟಿಸು ಇಂಗ್ಲಿಷ್ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿರಬೇಕು ಅಂತಿತ್ತು. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಹಚ್ಚಿ, ಜಗಳ ಬೇಡ.

ಈಗ ನಿಮ್ಮ ಕೆಲಸ. ಪಾಳಿ ಮುಗಿಯೋಕೆ 10 ನಿಮಿಷ ಇರುವಾಗ ಒಂದು ವಿಭಾಗದ 8-10 ಜನರನ್ನು ಮಾತ್ರ ಕರೆಯಿರಿ. ಆಫೀಸಿಗೆ ಕರೆದರೆ ಬಾಯಿ ಮುಚ್ಚುತ್ತಾರೆ, ಅಚ್ಚು ಒಡೆಯುವ ನಾಕ್‌ಔಟ್ ಹತ್ತಿರ ನಿಂತರೆ ಏನೂ ಕೇಳಿಸೋದಿಲ್ಲ. ನೀರಿನ ಟ್ಯಾಂಕಿನ ಹತ್ತಿರ, ಕಂಪ್ರೆಸರ್ ಬಂದ್ ಮಾಡಿಸಿ. ಒಂದೇ ವಿಷಯ, ಕಾರಣದ ಸಮೇತ. ‘ತಿಳೀತಾ?’ ಅಂತ ಕೇಳಲೇಬೇಡಿ, ಅದಕ್ಕೆ ‘ಹೂಂ ಸರ್’ ಬಿಟ್ಟರೆ ಉತ್ತರ ಇಲ್ಲ. ಬದಲಿಗೆ “ಕಾಕಾ, ಸೋಮವಾರ ನೀವು ಎಷ್ಟಕ್ಕ ಬರಾವ್ರು, ಹೆಂಗ ಬರಾವ್ರು?” ಅಂತ ಕೇಳಿ. ಆಗ ಬಸ್ಸಿನ ಮಾತು ತಾನಾಗಿ ಹೊರಬರುತ್ತದೆ. ನಾವು ಆಮೇಲೆ ಪಿರನವಾಡಿ, ಮಚ್ಛೆ ಕಡೆಗೆ ಒಂದು ಟೆಂಪೋ ಹಚ್ಚಿದೆವು. ರಿಯಾಯಿತಿಯಲ್ಲಿ ಉಳಿದ ದುಡ್ಡಿನಲ್ಲೇ ಅದರ ಬಾಡಿಗೆ ಹೋಯಿತು.

ದಿನದ ಸೂಚನೆಗಳು ಬೇರೆ ಜಾತಿ. ‘ಮರಳಿನ ತೇವ ಸರಿ ನೋಡಿ’ ಅಂತ ಗ್ರೂಪಿಗೆ ಹಾಕಿದರೆ ಅದು ಸುಪ್ರಭಾತದ ಮೆಸೇಜಿನ ಜೊತೆ ಮೇಲೆ ಹೋಗುತ್ತದೆ. ಮಿಕ್ಸರ್ ಹತ್ತಿರ ನಿಲ್ಲಿ, ಮರಳನ್ನು ಮುಷ್ಟಿಯಲ್ಲಿ ಹಿಡಿದು ಮುರಿದು ತೋರಿಸಿ, ತೇವದ ಮೀಟರಿನಲ್ಲಿ ಶೇ. 3.5 ಬಂದಾಗ ಕೈಗೆ ಹೇಗಿರುತ್ತದೆ, 5 ಆದಾಗ ಹೇಗೆ ಅಂಟುತ್ತದೆ ಅಂತ ಅವರ ಕೈಯಿಂದಲೇ ಮಾಡಿಸಿ. ನೀವು ಹೇಳಿದ್ದಕ್ಕಿಂತ ಅವರು ಮಾಡಿ ತೋರಿಸಿದ್ದು ಲೆಕ್ಕಕ್ಕೆ.

ಇನ್ನೊಂದು, ಸಿಟ್ಟಾಗಬೇಡಿ. 50 ದಾಟಿದ ಮೋಲ್ಡರಿಗೆ ‘ಲೇ, ಬಾ ಇಲ್ಲಿ’ ಅನ್ನುವ ಹೊಸ ಇಂಜಿನಿಯರುಗಳನ್ನು ನೋಡಿದ್ದೇನೆ. ಒಂದು ‘ರೀ’, ಒಂದು ‘ಕಾಕಾ’ ಇಲ್ಲದೆ ಹೋದರೆ ನಿಮ್ಮ ಡ್ರಾಯಿಂಗಿನಲ್ಲಿರುವ ತಪ್ಪನ್ನು ಅವರು ಕಂಡರೂ ಹೇಳೋದಿಲ್ಲ, ಹಾಗೇ ಎರಕ ಹೊಯ್ಯುತ್ತಾರೆ.

ತಕರಾರಿಗೆ 100 ಪುಟದ ನೋಟ್‌ಬುಕ್ ಸಾಕು. ನಾಲ್ಕು ಗೆರೆ ಎಳೆಯಿರಿ: ದಿನಾಂಕ, ಮಾತು, ಯಾರು ನೋಡುತ್ತಾರೆ, ಎಂದು ಉತ್ತರ. ಕೊನೇ ಗೆರೆಯಲ್ಲಿ ‘ನೋಡೋಣ’ ಅಂತ ಬರೆಯಬೇಡಿ, ತಾರೀಖು ಬರೆಯಿರಿ. ಉತ್ತರ ‘ಆಗೋದಿಲ್ಲ’ ಅಂತಾದರೂ ಆ ತಾರೀಖಿಗೆ ಹೇಳಿ. 20 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕುಂದುಕೊರತೆ ಸಮಿತಿ ಬೇಕೇ ಬೇಕು, ಎರಡೂ ಕಡೆಯವರು ಸಮ ಸಂಖ್ಯೆಯಲ್ಲಿ. ನೀವು 40 ಮಂದಿ ಇದ್ದೀರಿ, ಮಾಲಕರಿಗೆ ನೆನಪಿಸಿ.

ಗ್ರೂಪ್ ಇರಲಿ, ತೆಗೆಯಬೇಡಿ. ಕರೆಂಟ್ ಹೋಗುವ ಸುದ್ದಿ, ಪಗಾರದ ದಿನ, ಹಬ್ಬದ ಸೂಟಿ, ಇಂಥವಕ್ಕೆ ಅದು ಚಲೋ. ಮೊದಲ ಸಭೆ ನಾಳೆಯೇ ಮಾಡಿ, ಆದರೆ ಪಾಳಿ 3ಕ್ಕೆ ಮುಗಿಯೋದಾದರೆ 2:50ಕ್ಕೆ ಶುರು ಮಾಡಿ 3ಕ್ಕೆ ಬಿಟ್ಟುಬಿಡಿ. ಖಾನಾಪುರ ಬಸ್ ಹಿಡಿಯೋರು 3:05ಕ್ಕೆ ಗೇಟ್ ಕಡೆಗೇ ನೋಡುತ್ತಿರುತ್ತಾರೆ.